ಐದನೆಯ ಅಧ್ಯಾಯ ಮತ್ತು ಒಂದು ಚೂರು ಸೋಪು

ನಾನು ಮದುವೆಗಳಿಗೆ ಹೋಗುವುದನ್ನು ಬಿಟ್ಟು ನಾಲ್ಕು ವರ್ಷವಾಯಿತು. ಊಟದ ಮೇಲೆ ನನಗೆ ಸಿಟ್ಟಿಲ್ಲ, ವಧೂವರರ ಮೇಲಂತೂ ಇಲ್ಲವೇ ಇಲ್ಲ. ನನಗೆ ಹೆದರಿಕೆಯಿರುವುದು ಪಂಕ್ತಿಯಲ್ಲಿ ಅಕ್ಕಪಕ್ಕ ಕೂರುವವರದು. ಪಾಯಸ ಬರುವ ಹೊತ್ತಿಗೆ ಎಡಗಡೆಯವರು "ಮುಗೀತೇನಪಾ ನಿನ್ನ ಪಿಎಚ್.ಡಿ.?" ಎಂದು ಕೇಳುತ್ತಾರೆ. ಬರೆಯುವುದು ನಡೆದಿದೆ ಎಂದು ತೊದಲಿ ಎಲೆಯ ಕಡೆ ಬಗ್ಗಿದರೆ, ಬಲಗಡೆಯವರು ಅದನ್ನೇ ತೆಲುಗಿನಲ್ಲಿ "ಅಯಿಪೋಯಿಂದಾ?" ಎನ್ನುತ್ತಾರೆ. ಎರಡು ಭಾಷೆಯ ಊರಲ್ಲಿ ಹುಟ್ಟಿದವನಿಗೆ ಮರ್ಯಾದೆ ಹೋಗುವುದೂ ಎರಡೆರಡು ಸಲ. ಒಂಬತ್ತು ವರ್ಷಗಳಿಂದ ಇದೇ ಪ್ರಶ್ನೆ, ಇದೇ ಉತ್ತರ. ಮೊದಲು ಕೇಳಿದವರಲ್ಲಿ ಕೆಲವರು ತೀರಿಕೊಂಡರು, ಅವರ ಮಕ್ಕಳು ಈಗ ಕೇಳುತ್ತಿದ್ದಾರೆ.

ನನ್ನ ಸಂಶೋಧನೆಯ ವಿಷಯವನ್ನು ಇಂಗ್ಲಿಷಿನಲ್ಲಿ ಬರೆದರೆ ಮೂರು ಸಾಲು ಹಿಡಿಯುತ್ತದೆ. ಕನ್ನಡದಲ್ಲಿ ಹೇಳುವುದಾದರೆ ಇಷ್ಟೇ: ಜೀನ್ಸ್ ಹೊಲಿಯುವಾಗ ಸೂಜಿ ಯಾಕೆ ಮುರಿಯುತ್ತದೆ. ಬಟ್ಟೆಯ ನಾಲ್ಕೈದು ಮಡಿಕೆ ಒಂದೆಡೆ ಸೇರುವ ಜಾಗವಿರುತ್ತದೆ. ಅಲ್ಲಿ ಯಂತ್ರ ಜೋರಾಗಿ ಓಡಿದರೆ ಉಜ್ಜಾಟಕ್ಕೆ ಸೂಜಿ ಕಾಯುತ್ತದೆ, ದಾರ ಸುಡುತ್ತದೆ, ಕೊನೆಗೆ ಸೂಜಿಯೇ ಲಟಕ್ಕೆನ್ನುತ್ತದೆ. ಎಷ್ಟು ಕಾಯುತ್ತದೆ, ಯಾವಾಗ ಮುರಿಯುತ್ತದೆ ಎಂದು ಅಳೆದು ಹೇಳುವುದು ನನ್ನ ಕೆಲಸ. ನಾನು ಪಾಠ ಮಾಡುವುದು ಮಡಕಶಿರಾ ಕಡೆಯ ಒಂದು ಖಾಸಗಿ ಎಂಜಿನಿಯರಿಂಗ್ ಕಾಲೇಜಿನಲ್ಲಿ. ಅಲ್ಲಿನ ನಮ್ಮ ಮೆಕ್ಯಾನಿಕಲ್ ವಿಭಾಗದಲ್ಲಿ ಹೆಸರಿಗೊಂದು ಲೇತ್ ಯಂತ್ರವಿದೆ, ಅದರ ಮೇಲೆ ಪ್ರತಿ ವರ್ಷದ ಹುಡುಗರೂ ಒಂದೇ ತುಂಡನ್ನು ಕಡೆದು ಒಂದೇ ರೆಕಾರ್ಡ್ ಬರೆಯುತ್ತಾರೆ. ಅಂಥ ಕಡೆ ಏನು ಸಂಶೋಧನೆ ಮಾಡಲಿ ಎಂದು ನಾನು ಅತ್ತಾಗ ನನ್ನ ಗೈಡ್ ಹೇಳಿದರು: "ನಿಮ್ಮದು ರಾಯದುರ್ಗ ಅಲ್ಲವೇ? ಓಣಿ ತುಂಬ ಹೊಲಿಗೆ ಯಂತ್ರ ಇಟ್ಟುಕೊಂಡು ಲ್ಯಾಬ್ ಇಲ್ಲ ಅಂತೀರಲ್ಲ."

ಮಾತು ನಿಜ. ನಮ್ಮ ಮನೆಯ ಹಿಂದಿನ ಶೆಡ್ಡಿನಲ್ಲೇ ಆರು ಯಂತ್ರಗಳಿವೆ. ಅಪ್ಪ ಕಟಿಂಗ್ ಮಾಸ್ಟರ್ ಆಗಿದ್ದವನು. ಈಗ ಕಣ್ಣು ಮಂಜಾಗಿ, ಬಾಗಿಲ ಬಳಿ ಕೂತು ಹೊಲಿದ ಪ್ಯಾಂಟುಗಳ ದಾರ ಕತ್ತರಿಸುತ್ತಾನೆ. ನಾನು ಚಿಕ್ಕವನಿದ್ದಾಗ ಒಂದೇ ಒಂದು ಸಲ ಯಂತ್ರದ ಮುಂದೆ ಕೂತಿದ್ದೆ. ಅಪ್ಪ ರಟ್ಟೆ ಹಿಡಿದು ಎಬ್ಬಿಸಿ, "ಇದನ್ನ ಮುಟ್ಟಬ್ಯಾಡ, ಓದು ಹೋಗು" ಎಂದಿದ್ದ. ಆಮೇಲೆ ನಾನು ಅದನ್ನು ಮುಟ್ಟಲಿಲ್ಲ. ಓದಿದೆ, ಎಂ.ಟೆಕ್. ಮಾಡಿದೆ, ಇಪ್ಪತ್ತು ವರ್ಷ ಸುತ್ತಿಕೊಂಡು ಕೈಯಲ್ಲೊಂದು ಶಾಖ ಅಳೆಯುವ ಯಂತ್ರ ಹಿಡಿದು ಅದೇ ಶೆಡ್ಡಿಗೆ ವಾಪಸು ಬಂದೆ. ವಿದ್ಯಾಭ್ಯಾಸ ಮನುಷ್ಯನನ್ನು ಎಲ್ಲಿಗೆ ಕರೆದೊಯ್ಯುತ್ತದೆ ಎಂದು ಯಾರಾದರೂ ಕೇಳಿದರೆ ನನ್ನ ಹತ್ತಿರ ಖಚಿತವಾದ ಉತ್ತರವಿದೆ: ಕಲ್ಯಾಣದುರ್ಗದಲ್ಲಿ ಬಸ್ಸು ಬದಲಿಸಿ ಮನೆಯ ಹಿತ್ತಲಿಗೆ.

ಪ್ರಯೋಗಕ್ಕೆ ನಾನು ಆರಿಸಿಕೊಂಡದ್ದು ಹಂಪಮ್ಮನನ್ನು. ನಮ್ಮ ಶೆಡ್ಡಿನಲ್ಲಿ ಅವಳಷ್ಟು ನೇರವಾಗಿ ಹೊಲಿಯುವವರಿಲ್ಲ. ಅಪ್ಪನ ಕೈಕೆಳಗೆ ಕಲಿತವಳು, ನಾನು ಚಡ್ಡಿ ಹಾಕುತ್ತಿದ್ದಾಗ ನನ್ನನ್ನು ಏಕವಚನದಲ್ಲಿ ಬೈದವಳು. ನನಗೆ ಕೆಲಸ ಸಿಕ್ಕ ಮಾರನೆಯ ದಿನದಿಂದ 'ರೀ' ಹಚ್ಚಿದಳು, ಎಷ್ಟು ಹೇಳಿದರೂ ತೆಗೆಯಲಿಲ್ಲ. ಅವಳ ಯಂತ್ರಕ್ಕೆ ಉಪಕರಣ ಜೋಡಿಸಿ, ಒಂದು ನೋಟ್‌ಬುಕ್ ಕೊಟ್ಟು, ದಪ್ಪ ಜಾಗ ಬಂದಾಗಲೆಲ್ಲ ಅದು ತೋರಿಸುವ ಅಂಕಿ ಬರೆಯಲು ಹೇಳಿದೆ. ಮುರಿದ ಸೂಜಿ ಹಾಕಲು ಒಂದು ಡಬ್ಬಿಯನ್ನೂ ಕೊಟ್ಟೆ. ಕೊನೆಯಲ್ಲಿ ವಿಜ್ಞಾನಿಯ ಗತ್ತಿನಿಂದ, "ನನಗೋಸ್ಕರ ಏನೂ ಬದಲಿಸಬೇಡ, ದಿನಾ ಹೆಂಗ ಹೊಲಿತೀಯೋ ಹಂಗೇ ಹೊಲಿ" ಎಂದೆ. ಅವಳು ಅಕ್ಷರಶಃ ಹಾಗೆಯೇ ಮಾಡಿದಳು. ಈ ಒಂಬತ್ತು ವರ್ಷಗಳಲ್ಲಿ ನನ್ನ ಮಾತನ್ನು ಹಾಗೆ ಪಾಲಿಸಿದವರು ಅವಳೊಬ್ಬಳೇ, ನನ್ನ ವಿದ್ಯಾರ್ಥಿಗಳನ್ನೂ ಸೇರಿಸಿ ಹೇಳುತ್ತಿದ್ದೇನೆ.

ಶನಿವಾರ ಸಂಜೆ ಊರಿಗೆ ಹೋಗುವುದು, ಭಾನುವಾರ ನೋಟ್‌ಬುಕ್ ತರುವುದು, ಹೀಗೆ ವರ್ಷಗಳು ಹೋದವು. ಶೆಡ್ಡಿನೊಳಗೆ ನಾನು ಕೂತದ್ದೇ ಇಲ್ಲ. ಬಾಗಿಲಿಗೆ ಹೋಗುತ್ತಲೇ "ಒಳಗ ಬರೇ ಧೂಳೈತ್ರಿ, ಅಲ್ಲೇ ಪಡಸಾಲ್ಯಾಗ ಕುಂದರ್ರಿ" ಎಂದು ಹಂಪಮ್ಮ ಕುರ್ಚಿ ಹಾಕಿಸುತ್ತಿದ್ದಳು, ಒಳಗಿನಿಂದ ಕಾಫಿ ಬರುತ್ತಿತ್ತು. ಲೆಕ್ಚರರ್ ಎಂದರೆ ಹಾಗಿರಬೇಕು ಎಂದು ನಾನೂ ಕಾಲ ಮೇಲೆ ಕಾಲು ಹಾಕಿ ಕೂರುತ್ತಿದ್ದೆ. ನೋಟ್‌ಬುಕ್ಕಿನಲ್ಲಿ ಸೋಜಿಗದ ಅಂಕಿಗಳಿರುತ್ತಿದ್ದವು. ಎಲ್ಲ ಪುಸ್ತಕಗಳ ಪ್ರಕಾರ ಕಾಯಬೇಕಾದ ಸೂಜಿ ಹಂಪಮ್ಮನ ಕೈಯಲ್ಲಿ ಕಾಯುತ್ತಿರಲಿಲ್ಲ. ಡಬ್ಬಿ ಖಾಲಿಯೇ ಉಳಿಯಿತು. ನಾನು ತಲೆ ಕೆಡಿಸಿಕೊಂಡು ಒಂದು ಸಿದ್ಧಾಂತ ಕಟ್ಟಿದೆ. ನುರಿತ ಕೈಗೆ ಒಂದು ಲಯವಿರುತ್ತದೆ, ಆ ಲಯ ಸೂಜಿಯನ್ನು ತಣ್ಣಗಿಡುತ್ತದೆ ಎಂದು ಸಮೀಕರಣ ಸಹಿತ ಸಾಧಿಸಿದೆ. ಅದೇ ನನ್ನ ಐದನೆಯ ಅಧ್ಯಾಯ. ಗೈಡ್ ಅದನ್ನು ಓದಿ, ಮೊದಲ ನಾಲ್ಕು ಅಧ್ಯಾಯ ಓದಿದ್ದರ ಬೇಸರ ಹೋಯಿತು ಎಂದರು.

ಇಷ್ಟರಲ್ಲಿ ಕಾಲೇಜಿನಲ್ಲಿ ನನ್ನ ಸ್ಥಿತಿ ನೋಡುವ ಹಾಗಿರಲಿಲ್ಲ. ಸಿಬ್ಬಂದಿ ಪಟ್ಟಿಯಲ್ಲಿ ನನ್ನ ಹೆಸರಿನ ಮುಂದೆ ಪಿಎಚ್.ಡಿ. ಎಂಬುದನ್ನು, ಇನ್ನೂ ಮುಗಿದಿಲ್ಲ ಎಂಬ ಗುರುತಿಗೆ, ಆವರಣ ಚಿಹ್ನೆಯೊಳಗೆ ಹಾಕಿದ್ದರು. ಹೊರಗೆ ಬರಲಾಗದೆ ಅದು ಅಲ್ಲೇ ಮುದಿಯಾಗುತ್ತಿತ್ತು. ನನ್ನ ಶಿಷ್ಯೆಯಾಗಿದ್ದವಳು ಡಾಕ್ಟರೇಟ್ ಮುಗಿಸಿ ಬಂದು ನಮ್ಮ ವಿಭಾಗದ ಮುಖ್ಯಸ್ಥೆಯಾದಳು. ಒಳ್ಳೆಯ ಹುಡುಗಿ. ನನ್ನ ರಜೆ ಅರ್ಜಿಗೆ ಸಹಿ ಹಾಕುವಾಗ ಎದ್ದು ನಿಲ್ಲುತ್ತಾಳೆ. ಅದನ್ನು ನೋಡಲಾರದೆ ನಾನು ರಜೆ ಹಾಕುವುದನ್ನೇ ಕಡಿಮೆ ಮಾಡಿದೆ. ಪ್ರಿನ್ಸಿಪಾಲರು ಕರೆದು, ಈ ವರ್ಷ ಮುಗಿಯದಿದ್ದರೆ ನಿಮ್ಮನ್ನು ಉಳಿಸಿಕೊಳ್ಳುವುದು ಕಷ್ಟ ಎಂದು ಮೆತ್ತಗೆ ಹೇಳಿದರು. ವಿಶ್ವವಿದ್ಯಾಲಯವೂ ಅದು ಕೊನೆಯ ವಿಸ್ತರಣೆ ಎಂದು ಬರೆದಿತ್ತು. ಅಂತೂ ಪ್ರಬಂಧ ಮುಗಿಯಿತು. ಸಲ್ಲಿಸುವ ಮುಂಚಿನ ಸೆಮಿನಾರಿಗೆ ದಿನ ಗೊತ್ತಾಯಿತು. ಯಂತ್ರದ ಫೋಟೋ ಒಂದು ಬಾಕಿಯಿತ್ತು.

ಆ ಫೋಟೋಕ್ಕಾಗಿ ಒಂದು ಮಧ್ಯಾಹ್ನ ಶೆಡ್ಡಿನೊಳಗೆ ಹೋಗಿ ಮೊದಲ ಬಾರಿಗೆ ಹಂಪಮ್ಮನ ಪಕ್ಕ ಸ್ಟೂಲಿನ ಮೇಲೆ ಕೂತೆ. ಹಂಪಮ್ಮ ನಾಲ್ಕು ಮಡಿಕೆ ಸೇರುವ ಜಾಗಕ್ಕೆ ಬಂದಳು, ಯಂತ್ರ ನಿಲ್ಲಿಸಿದಳು, ಹಲಗೆಯ ಕೆಳಗಿಂದ ಸವೆದ ಬಟ್ಟೆ ಸೋಪಿನ ಚೂರೊಂದನ್ನು ತೆಗೆದು ಆ ಮಡಿಕೆಯ ಮೇಲೆ ಪರಪರ ಎಳೆದಳು, ಮತ್ತೆ ಹೊಲಿದಳು. ಸೂಜಿ ಬೆಣ್ಣೆಯೊಳಗೆ ಇಳಿದಂತೆ ಇಳಿಯಿತು.

"ಏನದು ಹಂಪಮ್ಮ?" ಎಂದೆ.

"ಸೋಪ್ರಿ."

"ಯಾವಾಗಿಂದ ಹಚ್ಚತೀ?"

"ಯಾವಾಗಿಂದ ಅಂದ್ರ? ಮೊದಲಿಂದ್ಲೂ ಅಷ್ಟೇ. ದಪ್ಪ ಬಂದಾಗ ಸೋಪ್ ಸವರದಿದ್ರ ಸೂಜಿ ಉಳಿತೈತೇನ್ರಿ? ನಿಮ್ಮಪ್ಪಾರೇ ಕಲಿಸಿದ್ದು."

"ನೋಟ್‌ಬುಕ್ಕಿನಾಗ ಯಾಕ ಬರೀಲಿಲ್ಲ?"

"ಅದರಾಗ ಬರಿಯಾಕ ಏನೈತ್ರಿ," ಎಂದು ನಕ್ಕಳು. ನನ್ನ ಮುಖ ನೋಡಿ ನಗು ನಿಲ್ಲಿಸಿದಳು. "ನಿಮ್ಮ ಪರೀಕ್ಷಾ ಅಂತ ನಾನು ಒಂದೀಟು ಜಾಸ್ತೀನೇ ಸವರೀನ್ರಿ. ಒಂದು ಸೂಜೀನೂ ಮುರಿಯಾಕ ಬಿಟ್ಟಿಲ್ಲ. ನನ್ನಿಂದ ಏನಾರ ತಪ್ಪಾತೇನ್ರಿ?"

ಇಲ್ಲ ಎಂದೆ. ಅದು ನಿಜವೂ ಆಗಿತ್ತು. ದಿನಾ ಹೊಲಿಯುವಂತೆ ಹೊಲಿ ಎಂದವನು ನಾನು. ದಿನಾ ಹೇಗೆ ಹೊಲಿಯುತ್ತಾರೆ ಎಂದು ನೋಡದವನೂ ನಾನೇ. ನನ್ನ ಐದನೆಯ ಅಧ್ಯಾಯದ ಲಯ, ಸಮೀಕರಣ, ಗ್ರಾಫು ಎಲ್ಲವೂ ಹೆಬ್ಬೆರಳಷ್ಟು ಸೋಪಿನಲ್ಲಿ ತೊಳೆದುಹೋದವು. ಬಾಗಿಲ ಬಳಿ ದಾರ ಕತ್ತರಿಸುತ್ತಿದ್ದ ಅಪ್ಪನನ್ನು, ನನಗೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ. "ಓದಿದಾಂವ ನೀನು. ಇಷ್ಟು ಗೊತ್ತಿರತೈತಿ ಅಂದ್ಕೊಂಡೆ" ಎಂದ. ರಾಯದುರ್ಗದ ಪ್ರತಿ ಕೂಸಿಗೂ ಗೊತ್ತಿರುವುದು ಟೈಲರ್ ಮಗನಿಗೆ ಗೊತ್ತಿರಲಿಲ್ಲ. ನನಗೆ ಅಳು ಬಂತು. ಧೂಳು ಬಿತ್ತು ಎಂದು ಕಣ್ಣೊರೆಸಿಕೊಂಡೆ. ಶೆಡ್ಡಿನಲ್ಲಿ ಧೂಳಿಗೇನೂ ಕೊರತೆಯಿಲ್ಲ.

ಮಡಕಶಿರಾಕ್ಕೆ ಮರಳಿದ ಮೇಲೆ ಮೂರು ದಿನ ಯಾರಿಗೂ ಹೇಳದೆ ತಿರುಗಿದೆ. ಕೊನೆಗೆ ಹೇಳಿದ್ದು ಲ್ಯಾಬಿನ ಅಟೆಂಡರ್ ನರಸಿಂಹಪ್ಪನಿಗೆ. ಅವನು ಲೇತಿಗೆ ಎಣ್ಣೆ ಬಿಡುತ್ತಲೇ ಎಲ್ಲ ಕೇಳಿ, "ಸೋಪು ಹಚ್ಚಿದ್ದು ಯಾರ್ ನೋಡೌರೆ ಸಾ? ಬುಡಿ, ಸುಮ್ನೆ ಕೊಟ್ಬುಡಿ. ಓದೋನು ಒಬ್ನೂ ಇಲ್ಲ" ಎಂದ. ಸಂಶೋಧನಾ ಲೋಕವನ್ನು ಇಷ್ಟು ಸರಿಯಾಗಿ ಅರ್ಥಮಾಡಿಕೊಂಡವರು ಕಡಿಮೆ. ಹಾಗೇ ಮಾಡೋಣ ಎಂದು ಆ ರಾತ್ರಿ ನಿರ್ಧರಿಸಿಯೂ ಇದ್ದೆ. ಬೆಳಿಗ್ಗೆ ಎದ್ದರೆ ಹಂಪಮ್ಮನ "ತಪ್ಪಾತೇನ್ರಿ" ಕಿವಿಯಲ್ಲಿತ್ತು. ಗೈಡಿಗೆ ಫೋನ್ ಮಾಡಿ ಹೇಳಿಬಿಟ್ಟೆ. ಅವರು ಎಲ್ಲವನ್ನೂ ಇನ್ನೊಮ್ಮೆ ಹೇಳಿಸಿದರು. ಆಮೇಲೆ, "ಸೋಪಿಲ್ಲದೆ ಮತ್ತೆ ಅಳೆಯಿರಿ. ಇನ್ನೊಂದು ವಿಸ್ತರಣೆಗೆ ಅರ್ಜಿ ಹಾಕಿ, ಕೊಡುತ್ತಾರೆಂದು ನನಗೇನೂ ನಂಬಿಕೆಯಿಲ್ಲ" ಎಂದರು. ಸೆಮಿನಾರು ರದ್ದಾಯಿತು. ಸಿಬ್ಬಂದಿ ಪಟ್ಟಿಯ ಹೊಸ ಪ್ರತಿಯಲ್ಲಿ ನನ್ನ ಹೆಸರಿತ್ತು, ಪಿಎಚ್.ಡಿ. ಮಾತ್ರ ಆವರಣ ಚಿಹ್ನೆಯ ಸಮೇತ ಹೋಗಿತ್ತು.

ಸೋಪಿಲ್ಲದೆ ಹೊಲಿಯಲು ಹಂಪಮ್ಮ ಒಪ್ಪಲಿಲ್ಲ. "ಮುರೀಲಿ ಅಂತ ಹೊಲಿಯಾಕ ನನ್ನ ಕೈ ಬರಂಗಿಲ್ರಿ. ಬ್ಯಾರೆ ಏನಾರ ಹೇಳ್ರಿ" ಎಂದಳು. ಉಳಿದವರೂ ಅವಳ ಹಿಂದೆಯೇ ತಲೆಯಾಡಿಸಿದರು. ಬೇರೆ ದಾರಿಯಿಲ್ಲದೆ ನಾನೇ ಯಂತ್ರದ ಮುಂದೆ ಕೂತೆ. ಮೊದಲ ಭಾನುವಾರವೇ ಹನ್ನೊಂದು ಸೂಜಿ ಮುರಿದೆ. ಖಾಲಿ ಡಬ್ಬಿಗೆ ಕೊನೆಗೂ ಹೊಟ್ಟೆ ತುಂಬಿತು ಎಂದು ಖುಷಿಪಟ್ಟು ಅಂಕಿ ನೋಡಿದರೆ, ಅವುಗಳಲ್ಲಿ ಒಂದೂ ಕಾದಿರಲಿಲ್ಲ. ಕಾಯುವಷ್ಟು ಹೊತ್ತು ನನ್ನ ಕೈಯಲ್ಲಿ ಬದುಕಿರಲೇ ಇಲ್ಲ. ನಾನು ಬಟ್ಟೆಯನ್ನು ಎಳೆದು, ಸೂಜಿಯನ್ನು ಬಾಗಿಸಿ, ತಣ್ಣಗಿರುವಾಗಲೇ ಕೊಂದಿದ್ದೆ. ಹನ್ನೆರಡನೆಯದು ಮುರಿದಾಗ ಅಪ್ಪ ತಡವರಿಸುತ್ತ ಎದ್ದು ಬಂದು ನನ್ನ ರಟ್ಟೆ ಹಿಡಿದ. ಎಬ್ಬಿಸುತ್ತಾನೆ ಎಂದುಕೊಂಡೆ. ಎಬ್ಬಿಸಲಿಲ್ಲ. ಹಿಂದೆ ನಿಂತು ನನ್ನ ಎರಡೂ ಕೈಗಳನ್ನು ಬಟ್ಟೆಯ ಮೇಲೆ ಇಟ್ಟು, "ಎಳೀಬ್ಯಾಡ. ಅದರಷ್ಟಕ್ಕ ಅದು ಹೋಗಲಿ" ಎಂದ. ಅವನ ಕಣ್ಣಿಗೆ ಆ ಸಾಲು ಸರಿಯಾಗಿ ಕಾಣುತ್ತಿರಲಿಲ್ಲ. ಹೊಲಿಗೆ ಮಾತ್ರ ನೇರ ಬಂತು.

ಮೊನ್ನೆ ವಿಸ್ತರಣೆಯ ಅರ್ಜಿ ತುಂಬಿದೆ. ಅದರಲ್ಲಿ 'ವಿಳಂಬಕ್ಕೆ ಕಾರಣ' ಎಂದು ಒಂದು ಸಾಲಿನಷ್ಟು ಜಾಗ ಬಿಟ್ಟಿರುತ್ತಾರೆ. ಹಿಂದಿನ ಅರ್ಜಿಗಳಲ್ಲಿ ಅಲ್ಲಿ ಉಪಕರಣದ ಅಭಾವ, ಬೋಧನೆಯ ಒತ್ತಡ ಎಂದೆಲ್ಲ ಬರೆದಿದ್ದೆ. ಈ ಸಲ "ಸಂಶೋಧಕನಿಗೆ ಹೊಲಿಗೆ ಬರುವುದಿಲ್ಲ" ಎಂದು ಬರೆದೆ. ಒಂಬತ್ತು ವರ್ಷಗಳಲ್ಲಿ ನಾನು ಸಾಕ್ಷಿ ಸಮೇತ ಸಾಧಿಸಿದ್ದು ಅದೊಂದೇ. ಯಾರಾದರೂ ಪರಿಶೀಲಿಸುವುದಾದರೆ ಡಬ್ಬಿ ತುಂಬ ಸೂಜಿಗಳಿವೆ.