ಸವೆದ ಹೆಬ್ಬೆಟ್ಟು

ಬಡವರಿಗೆಂದು ಇಟ್ಟ ಅಕ್ಕಿ ಬಡವರ ಮನೆಗೇ ಹೋಗುತ್ತಿದೆಯೇ ಎಂದು ನೋಡುವುದು ನನ್ನ ಕೆಲಸ. ಆಹಾರ ಇಲಾಖೆಯ ಇನ್ಸ್‌ಪೆಕ್ಟರ್ ನಾನು. ಈ ಕೆಲಸದಲ್ಲಿ ಜೀಪು ಕೆಡದ ದಿನ ಇರಬಹುದು, ನಗು ಬಾರದ ದಿನ ಇಲ್ಲ. ನಗುವವರು ನಾವೇ ಆಗಿರಬೇಕೆಂದೇನೂ ಇಲ್ಲ.

ಹುಲ್ಲಿನ ಮೆದೆ

ಕಾರಿದ್ದವರಿಗೆ ಬಿಪಿಎಲ್ ಕಾರ್ಡ್ ಇಲ್ಲ. ಬೈರಾಪಟ್ಟಣದ ಒಬ್ಬರ ಮೇಲೆ ಯಾರೋ ಮೂಗರ್ಜಿ ಹಾಕಿದ್ದರು. ಹೋಗಿ ನೋಡಿದರೆ ಅಂಗಳದಲ್ಲಿ ಕಾರಿಲ್ಲ, ಒಂದು ಹುಲ್ಲಿನ ಮೆದೆ ಇತ್ತು. ಮನೆಯ ಯಜಮಾನರು ಕುರ್ಚಿ ಹಾಕಿ, ಎಳನೀರು ಕೊಟ್ಟು, ಸೈಕಲ್ಲಿಗೂ ಗತಿಯಿಲ್ಲ ಎಂದು ಕಷ್ಟ ಹೇಳಿಕೊಂಡರು. ಅಷ್ಟರಲ್ಲಿ ಹಸು ಹಗ್ಗ ಬಿಡಿಸಿಕೊಂಡು ಬಂದು ಮೆದೆಗೆ ಬಾಯಿ ಹಾಕಿತು. ಮೊದಲು ಹೆಡ್‌ಲೈಟ್ ಕಂಡಿತು, ಆಮೇಲೆ ನಂಬರ್ ಪ್ಲೇಟ್. ಬಾಗಿಲಲ್ಲಿದ್ದ ಅವರ ಹೆಂಡತಿ ನಿಧಾನವಾಗಿ ಹೇಳಿದರು: "ಈ ಮನೇಲಿ ಸರ್ಕಾರಕ್ಕೆ ನಿಯತ್ತಾಗಿರೋದು ಆ ಹಸ ಒಂದೇ ಸಾ."

ಯಜಮಾನಿ ಯಾರು?

ಮನೆಯ ಯಜಮಾನಿಯ ಖಾತೆಗೆ ಸರ್ಕಾರ ದುಡ್ಡು ಹಾಕುತ್ತದೆ ಎಂದಾಯಿತು. ಉಯ್ಯಂಬಳ್ಳಿಯ ಒಂದು ಮನೆಯಲ್ಲಿ ಯಜಮಾನಿ ನಾನೇ ಎಂದು ಅತ್ತೆಯೂ ಹೇಳಿದರು, ಸೊಸೆಯೂ ಹೇಳಿದರು. ಮಗನನ್ನು ಕೇಳಿದೆ. ಅವನು ಅವ್ವನ ಮುಖ ನೋಡಿದ, ಹೆಂಡತಿಯ ಮುಖ ನೋಡಿದ, ಅಪ್ಪನನ್ನು ಕೇಳಿ ಎಂದ. ಜಗಲಿಯ ಮೇಲೆ ಬೀಡಿ ಸೇದುತ್ತಿದ್ದ ಅಪ್ಪ ಕತ್ತೂ ತಿರುಗಿಸಲಿಲ್ಲ. "ನನ್ನ ಕೇಳ್ಬ್ಯಾಡಿ ಸಾ. ನಾನು ಈ ಮನೇಗೆ ಉಣ್ಣಕ್ಕೆ ಬರೋನು ಅಷ್ಟೆ."

ಹೆಬ್ಬೆಟ್ಟು

ರಾಮನಗರದಲ್ಲಿ ರೇಷ್ಮೆ ಗೂಡಿನಿಂದ ನೂಲು ಬಿಚ್ಚುವ ಅಜ್ಜಿಯೊಬ್ಬರಿದ್ದರು. ದಿನವಿಡೀ ಬಿಸಿನೀರಿನಲ್ಲಿ ಕೈ ಇಟ್ಟು ಬೆರಳಿನ ಗೆರೆಗಳೆಲ್ಲ ಸವೆದಿದ್ದವು. ನಾನು ತಪಾಸಣೆಗೆ ಹೋದಾಗ ರೇಷನ್ ಅಂಗಡಿಯ ಸಾಲಿನಲ್ಲಿ ನಿಂತಿದ್ದರು, ಮಿಷನ್ನು ಅವರ ಹೆಬ್ಬೆಟ್ಟನ್ನು ಒಪ್ಪುತ್ತಿರಲಿಲ್ಲ. ಹಿಂದಿನ ತಿಂಗಳೂ ಖಾಲಿ ಚೀಲ ಹಿಡಿದೇ ಹೋಗಿದ್ದರಂತೆ. ಕೇಳಿ ಸಂಕಟವಾಯಿತು. ಆದರೂ ಅಧಿಕಾರಿಯಲ್ಲವೇ, ಬುದ್ಧಿ ಹೇಳದೆ ಇರಲಾಗಲಿಲ್ಲ. ಒಂದು ವಾರ ಕೆಲಸ ಬಿಟ್ಟು ಕೈಗೆ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳಿ, ಗೆರೆ ಬರುತ್ತದೆ ಎಂದೆ.

"ಒಂದ್ವಾರ ಕುಂತು ತಿನ್ನಂಗಿದ್ರೆ ಈ ಕಾರ್ಡು ನಂಗ್ಯಾಕೆ ಸಾ?" ಎಂದರು ಅಜ್ಜಿ.

ಸಾಲಿನಲ್ಲಿದ್ದವರೆಲ್ಲ ನಕ್ಕರು. ಬೆರಳಚ್ಚು ಹತ್ತದವರಿಗೆ ವಿನಾಯಿತಿ ಇದೆ, ಅದನ್ನು ಬರೆಸಿ ಅಲ್ಲೇ ಅಕ್ಕಿ ಕೊಡಿಸಿದೆ. ಅಜ್ಜಿ ಚೀಲ ಕಟ್ಟಿದರು, ಹೊರಡಲಿಲ್ಲ. ನನ್ನ ಕೈ ಹಿಡಿದು ಹೆಬ್ಬೆಟ್ಟನ್ನು ಬೆಳಕಿಗೆ ತಿರುಗಿಸಿ ನೋಡಿದರು.

"ಗೆರೆ ಒಂದೂ ಸವೆದಿಲ್ವಲ್ಲ ಸಾ," ಎಂದರು. "ಮಿಷನ್ನು ಒಪ್ಪೋ ಬಡವ್ರು ನೀವೇ ಕಣಪ್ಪ."