ಹಿಮ್ಮಡಿ ನೋವಿಗೆ ಗುಲಾಬಿ ಟೇಪು

ಜನರ ಹಿಮ್ಮಡಿಗೆ ಟೇಪು ಅಂಟಿಸುವ ಕೆಲಸದಲ್ಲಿ ನಗುವಂಥದ್ದು ಏನಿರುತ್ತದೆ ಅಂತ ನನ್ನ ಗಂಡ ಕೇಳುತ್ತಾರೆ. ಠಾಣೆ ನಗರದ ನೌಪಾಡಾ ಬಡಾವಣೆಯಲ್ಲಿ ನನ್ನ ಫಿಸಿಯೋಥೆರಪಿ ಕ್ಲಿನಿಕ್ ಇದೆ. ಒಂದು ಸಂಜೆ ಅಲ್ಲಿ ಬಂದು ಕೂತರೆ ಅವರು ಆ ಪ್ರಶ್ನೆ ಬಿಟ್ಟುಬಿಡುತ್ತಾರೆ.

ಅಂಗಾಲಿನಲ್ಲಿ ಹಿಮ್ಮಡಿಯಿಂದ ಬೆರಳಿನ ಬುಡದವರೆಗೆ ಒಂದು ಗಟ್ಟಿ ಪಟ್ಟಿ ಇರುತ್ತದೆ. ನಿಂತು ನಿಂತು ಅದು ಜಗ್ಗಿ ನೊಂದರೆ, ಬೆಳಿಗ್ಗೆ ಹಾಸಿಗೆಯಿಂದ ಇಳಿದು ಇಡುವ ಮೊದಲ ಹೆಜ್ಜೆಗೇ ಮೊಳೆ ತುಳಿದ ಹಾಗಾಗುತ್ತದೆ. ಟೇಪು ಸರಿಯಾಗಿ ಹಾಕಿದರೆ ಆ ಪಟ್ಟಿಗೆ ಆಸರೆ ಸಿಗುತ್ತದೆ. ನನ್ನ ಟೇಪಿನ ಬಗ್ಗೆ ನನಗೆ ಯಾವ ಸಂಶಯವೂ ಇಲ್ಲ. ಹಾಕಿಸಿಕೊಂಡವರು ಬಾಗಿಲು ದಾಟಿದ ಮೇಲೆ ಏನು ಮಾಡುತ್ತಾರೆ ಎಂಬುದಕ್ಕೆ ಮಾತ್ರ ನಾನು ಹೊಣೆಯಲ್ಲ.

ಮೈದಾ

ಉಡುಪಿ ಕಡೆಯ ಹೋಟೆಲ್ ಮಾಲೀಕರೊಬ್ಬರು. ಇಡೀ ದಿನ ಗಲ್ಲಾದ ಹತ್ತಿರ ನಿಂತೇ ಇರುವವರು. "ಸಡಿಲ ಆದ್ರೆ ತೆಗೆದು ಬಿಸಾಡಿ, ಹೊಸದು ಹಾಕುವಾ" ಅಂತ ಹೇಳಿ ಕಳಿಸಿದ್ದೆ. ಮುಂದಿನ ವಾರ ಬಂದಾಗಲೂ ಕಾಲಲ್ಲಿ ಅದೇ ಟೇಪು.

"ಇದು ಆವತ್ತಿನದ್ದಲ್ವಾ?"

"ಹೌದು. ಸ್ನಾನಕ್ಕೆ ಹೋಗುವಾಗ ತೆಗೆದು ಕನ್ನಡಿಗೆ ಅಂಟಿಸಿಡ್ತೇನೆ. ಬಂದು ಪುನಃ ಹಾಕ್ತೇನೆ. ಒಳ್ಳೆ ಟೇಪು ಮಾರಾಯ್ರೆ, ಬಿಸಾಡ್ಲಿಕ್ಕೆ ಮನಸ್ಸು ಬರುವುದಿಲ್ಲ."

"ಅಂಟು ಹೋಗಿರ್ಬೇಕಲ್ಲ?"

"ಹೋಯ್ತು. ಸ್ವಲ್ಪ ಮೈದಾ ಕಲಸಿ ಹಚ್ಚಿದೆ. ಹೋಟೆಲಿನಲ್ಲಿ ಮೈದಾಕ್ಕೇನು ಬರ?"

"ನೋವು ಹೇಗುಂಟು?"

ಅವರು ಪ್ರಾಮಾಣಿಕವಾಗಿ ಯೋಚಿಸಿ ಹೇಳಿದರು, "ನೋವು ಕಡಿಮೆ ಆಗಿದೆ. ಇರುವೆ ಜಾಸ್ತಿ ಆಗಿದೆ."

ಎಡಗಾಲಿನ ಯೋಗ

ಡೊಂಬಿವಲಿಯ ಒಬ್ಬ ಗೃಹಿಣಿಗೆ ಪದೇ ಪದೇ ಠಾಣೆಗೆ ಬರುವುದು ಕಷ್ಟ. ಲೋಕಲ್ ರೈಲಿನ ಗರ್ದಿಯಲ್ಲಿ ಹಿಮ್ಮಡಿ ಊರಲೂ ಜಾಗ ಸಿಗುವುದಿಲ್ಲ. ಮನೆಯಲ್ಲೇ ಹಾಕಿಕೊಳ್ಳಲಿ ಅಂತ ಎದುರಿಗೆ ಕೂತು ನನ್ನ ಬಲಗಾಲಿಗೇ ಹಾಕಿ ತೋರಿಸಿದೆ. ಮಗಳು ಮೊಬೈಲಿನಲ್ಲಿ ವಿಡಿಯೋ ಮಾಡಿಕೊಂಡಳು. "ಮಮ್ಮಿ, ಇಸ್ಮೇ ಜೈಸಾ ಹೈ, ವೈಸಾ ಹೀ ಕರ್ನಾ" ಅಂತ ತಾಕೀತನ್ನೂ ಮಾಡಿದಳು.

ತಾಯಿ ವಿಡಿಯೋದಲ್ಲಿ ಕಂಡ ಹಾಗೇ ಮಾಡಿದರು. ಎದುರಿಗೆ ಕೂತವರ ಬಲಗಾಲು ಇರುವುದು ನಮ್ಮ ಎಡಗಾಲಿನ ಕಡೆಗೆ.

ಮತ್ತೆ ಬಂದಾಗ ಅವರ ಎಡಗಾಲಿನಲ್ಲಿ ಟೇಪು ನೋಡಿ, ಕೆಲಸ ಕಲಿಸಿದ ಹೆಮ್ಮೆಯೂ ನನಗಾಯಿತು, ಅಳುವೂ ಬಂತು. ಒಂದು ಸುಕ್ಕಿಲ್ಲ, ಅಷ್ಟು ಚೊಕ್ಕ.

"ನೋವಿದ್ದದ್ದು ಬಲಗಾಲಲ್ಲಿ ಅಲ್ವಾ?"

"ಅದು ಹಾಗೇ ಇದೆ. ಆದ್ರೆ ಎಡಗಾಲು ತುಂಬಾ ಸುಧಾರಿಸಿದೆ."

"ಎಡಗಾಲಿಗೆ ಏನೂ ಆಗಿರಲಿಲ್ಲವಲ್ಲ."

"ಹೌದು. ಮೊದಲೇ ಚೆನ್ನಾಗಿತ್ತು. ಈಗ ಇನ್ನೂ ಚೆನ್ನಾಗಿದೆ."

ಬಿಡಬೇಡಿ

ಶನಿವಾರ ನಾನು ಕಾಮೋಠೆಯ ಇನ್ನೊಂದು ಕ್ಲಿನಿಕ್‌ನಲ್ಲಿ ಕೂರುತ್ತೇನೆ. ಕಳಂಬೋಲಿಯ ಕಬ್ಬಿಣದ ಗೋಡೌನೊಂದರ ಮ್ಯಾನೇಜರ್ ಬಂದಿದ್ದರು, ವಿಜಯಪುರ ಕಡೆಯವರು. ಟೇಪು ಹಾಕುವಾಗ ಪಾದ ಸಡಿಲ ಬಿಡಬಾರದು. "ಬೆರಳು ನಿಮ್ಮ ಕಡೆ ಎಳೆದು ಹಿಡೀರಿ, ಬಿಡಬೇಡಿ" ಅಂದೆ. ಶಿಸ್ತಿನ ಮನುಷ್ಯ, ಹಿಡಿದರು. ಟೇಪು ಹಾಕಿ ಕಳಿಸಿದೆ.

ಮಧ್ಯಾಹ್ನ ಫೋನ್ ಬಂತು. "ಡಾಕ್ಟ್ರ, ಇನ್ನ ಎಷ್ಟೊತ್ತು ಹಿಡೀಬೇಕ್ರಿ?"

"ಏನನ್ನ?"

"ಪಾದಾರೀ. ಬಿಡಬ್ಯಾಡ್ರಿ ಅಂದಿದ್ರಲ್ಲ. ರಿಕ್ಷಾದಾಗೂ ಹಿಡಕೊಂಡ ಕುಂತಿದ್ದೆ. ಗೋಡೌನಿನ್ಯಾಗ ಬರೇ ಹಿಮ್ಮಡಿ ಮ್ಯಾಲ ಅಡ್ಡಾಡಾಕತ್ತೇನಿ."

"ಅಯ್ಯೋ, ಬಿಡಿ ಬಿಡಿ" ಅಂದೆ. ಫೋನಿನಲ್ಲಿ ಉದ್ದನೆಯ ಉಸಿರು ಕೇಳಿಸಿತು. ಆಮೇಲೆ ದನಿ ತಗ್ಗಿಸಿ ಕೇಳಿದರು: "ನನ್ನ ನಡಿಗಿ ನೋಡಿ, ಸಾಹೇಬ್ರು ಭಾಳ ಸಿಟ್ಟಿನ್ಯಾಗ ಅದಾರ ಅಂತ ಲೋಡಿಂಗ್‌ನವರು ಟೈಮಿಗಿಂತ ಮದಲ ಕೆಲಸ ಮುಗಿಸ್ಯಾರ್ರಿ. ಸೋಮವಾರನೂ ಹಿಡೀಲೇನು?"

ಸಂಬಂಧ

ವಾಶಿಯ ಆಫೀಸೊಂದರಲ್ಲಿರುವ ದಕ್ಷಿಣ ಕನ್ನಡದ ಒಬ್ಬರು ಒಂದು ಶುಕ್ರವಾರ ಸಂಜೆ ಕುಂಟುತ್ತ ಬಂದರು. ಮುಖದಲ್ಲಿ ನೋವಿಗಿಂತ ಗಾಬರಿ ಹೆಚ್ಚು.

"ಭಾನುವಾರ ಮಗಳನ್ನು ನೋಡ್ಲಿಕ್ಕೆ ಬರ್ತಾರೆ ಡಾಕ್ಟ್ರೇ. ನಾನು ಕುಂಟಿದ್ರೆ ಮನೆತನದಲ್ಲೇ ಏನೋ ಉಂಟು ಅಂತ ಎಣಿಸಿಯಾರು. ಹುಡುಗ ಒಳ್ಳೆಯವ. ತಪ್ಪಿಹೋಗ್ಬಾರ್ದು."

"ನೀವು ಕುಂಟುವುದಿಲ್ಲ" ಅಂದೆ. ಚರ್ಮದ ಬಣ್ಣದ ಟೇಪು ಮುಗಿದು ಗುಲಾಬಿ ಮಾತ್ರ ಉಳಿದಿತ್ತು. ಅವರ ಮುಖ ಸಣ್ಣದಾಯಿತು. "ಸಾಕ್ಸ್ ಹಾಕ್ಕೊಳ್ಳಿ, ಪಾದ ಯಾರು ನೋಡ್ತಾರೆ?" ಅಂತ ಧೈರ್ಯ ಹೇಳಿ ಎರಡೂ ಹಿಮ್ಮಡಿಗೆ ಹಾಕಿದೆ.

ಭಾನುವಾರ ಅವರು ಕುಂಟಲಿಲ್ಲ, ಜಾರಿದರು. ಆಗಷ್ಟೇ ಒರೆಸಿದ ಟೈಲ್ಸ್, ಮೇಲೆ ಹೊಸ ಸಾಕ್ಸ್. ಕೈಮುಗಿದುಕೊಂಡೇ ಸೀದಾ ಹೋಗಿ ಸೋಫಾದಲ್ಲಿ ಹುಡುಗನ ತಾಯಿಯ ಪಕ್ಕದಲ್ಲಿ ಬಿದ್ದರು. ಒಂದು ಸಾಕ್ಸ್ ಅರ್ಧ ಕಳಚಿ ಹಿಮ್ಮಡಿ ಹೊರಗೆ ಬಂತು.

ಹುಡುಗನ ತಾಯಿ ಆ ಗುಲಾಬಿ ಪಟ್ಟಿಯನ್ನೇ ನೋಡಿದರು. ತಮ್ಮ ಸೀರೆಯ ಅಂಚನ್ನು ತುಸು ಎತ್ತಿದರು. ಅಲ್ಲೂ ಗುಲಾಬಿ.

"ನೌಪಾಡಾದ್ದಾ?"

"ನೌಪಾಡಾದ್ದೇ."

ಆಮೇಲೆ ಹಿರಿಯರ ಮಾತೆಲ್ಲ ಹಿಮ್ಮಡಿಯದ್ದೇ. ಯಾವ ಚಪ್ಪಲಿ ಒಳ್ಳೆಯದು, ಬಿಸಿನೀರೋ ಐಸೋ ಅಂತ ಚರ್ಚೆ. ಜಾತಕದ ಕವರ್ ಟೀಪಾಯಿಯ ಮೇಲೆ ಹಾಗೇ ಇತ್ತು. ಹುಡುಗ ಹುಡುಗಿ ಬಾಲ್ಕನಿಯಲ್ಲಿ ಬೇಕಾದಷ್ಟು ಮಾತಾಡಿದರು. ಹುಡುಗಿ ನನಗೆ ಆಮೇಲೆ ಹೇಳಿದಳು: "ಆಂಟಿ, ಯಾರೂ ನಮ್ಮ ಕಡೆ ನೋಡ್ಲೇ ಇಲ್ಲ. ಆರಾಮ್ ಸೇ ಬಾತ್ ಹೋ ಗಯೀ." ಸಂಬಂಧ ಕೂಡಿಬಂತು.

ಮದುವೆಯ ಬೆಳಿಗ್ಗೆ ಹಾಲ್‌ಗೆ ನನ್ನನ್ನೂ ಕರೆಸಿದರು. ಒಂದು ಕೋಣೆಯಲ್ಲಿ ಬ್ಯೂಟಿಷಿಯನ್, ಪಕ್ಕದ ಕೋಣೆಯಲ್ಲಿ ನಾನು. ಬೀಗರಿಬ್ಬರಿಗೆ ಟೇಪು ಹಾಕಿ ಆಗುವಷ್ಟರಲ್ಲಿ ನನ್ನ ಬಾಗಿಲಲ್ಲಿ ನೆಂಟರ ಸಾಲು. ತಲೆ ಎತ್ತದೆ ಹಾಕುತ್ತಾ ಹೋದೆ. ಕಲ್ಯಾಣದಿಂದ ಬಂದ ಒಬ್ಬ ಅಜ್ಜಿ ಕೂತು ಕಾಲು ಚಾಚಿದರು. ಒಂದು ಪಾದಕ್ಕೆ ಟೇಪು ಹಾಕಿ ಮುಗಿಸಿ, "ನೋವು ಹೆಚ್ಚು ಯಾವುದರಲ್ಲಿ ಅಜ್ಜಿ, ಇದರಲ್ಲೋ ಅದರಲ್ಲೋ?" ಅಂತ ಕೇಳಿದೆ.

"ನೋವಾ? ನೋವು ಎಂತದೂ ಇಲ್ಲ" ಅಂದ ಅಜ್ಜಿ, ಪಾದವನ್ನು ಆಚೆ ಈಚೆ ತಿರುಗಿಸಿ ನೋಡಿದರು. "ಮೆಹಂದಿ ಈಗ ಗುಲಾಬಿ ಬಣ್ಣದ್ದೂ ಬರ್ತದಾ? ಚಂದ ಉಂಟು. ಇನ್ನೊಂದು ಕಾಲಿಗೆ ಹಾಕುವಾಗ ನಡುವಲ್ಲಿ ಒಂದು ನವಿಲು ಮಾಡು ಮಗಾ."