ಎಲ್ಲರಿಗೂ ಅರವತ್ತೆರಡು

ಮಗಳು ಈಜುಕೊಳದ ಕಂಬಿ ತಬ್ಬಿಕೊಂಡು, ನೀರಿಗಿಳಿಯಲ್ಲ ಎಂದು ಅಳುತ್ತಿದ್ದ ಕಾಲದಲ್ಲಿ ಅಪ್ಪ ಒಂದು ಮಾತು ಕೊಟ್ಟಿದ್ದ. “ನೀನು ಮೊದಲನೇ ಸಲ ಪಂದ್ಯದಲ್ಲಿ ಈಜೋ ದಿನ ಆಚೆ ದಡದಲ್ಲಿ ನಾನೇ ನಿಂತಿರ್ತೀನಿ ಪುಟ್ಟಿ. ನನ್ನ ಮುಖ ನೋಡ್ಕೊಂಡು ಬಂದ್ಬಿಡು.”

ಆ ಪಂದ್ಯ ನಾಳೆ ಬೆಳಿಗ್ಗೆ. ರಜೆ ಕೇಳಿದ್ದಕ್ಕೆ ಕಂಪನಿಯ ಯಜಮಾನರು ಮೂಲೆಯಲ್ಲಿದ್ದ ತೂಕದ ಯಂತ್ರದ ಕಡೆ ಬೆರಳು ತೋರಿಸಿದರು. “ಆ ದರಿದ್ರ ಸಂಜೆಯೊಳಗೆ ಸರಿಹೋಗ್ಲಿ, ಆಮೇಲೆ ರಜೆ ಮಾತು.”

ಆಸ್ಪತ್ರೆಗಳಿಗೆ ಮಾರಲೆಂದು ಮಾಡಿದ ಯಂತ್ರ. ಅದರೊಳಗಿನ ಕರ್ನಲ್, ಅಂದರೆ ಮಿಕ್ಕೆಲ್ಲ ಪ್ರೋಗ್ರಾಮುಗಳನ್ನು ಹೊತ್ತು ನಿಂತ ಪ್ರೋಗ್ರಾಮು, ಬರೆದವನು ಈ ಅಪ್ಪನೇ. ಆಫೀಸಿನಲ್ಲಿ ಅವನಿಗೆ ಪಾಪಣ್ಣ ಅಂತ ಹೆಸರು. ಇಟ್ಟವರು ಸಹೋದ್ಯೋಗಿಗಳು, ಬೇಡ ಅನ್ನುವ ಧೈರ್ಯ ಅವನಿಗಿರಲಿಲ್ಲ.

ಯಂತ್ರದ ರೋಗ ವಿಚಿತ್ರ. ಬೆಳಿಗ್ಗೆ ಆನ್ ಮಾಡಿದಾಗ ಮೊದಲು ಹತ್ತಿದವನು ಅಕೌಂಟ್ಸಿನ ಉದ್ದನೆಯ ಸಣಕಲ, ಎಲ್ಲರ ಬಾಯಲ್ಲಿ ಕಡ್ಡಿ. ಅರವತ್ತೆರಡು ಕೆಜಿ, ಸರಿಯೇ. ಆಮೇಲೆ ಹತ್ತಿದವರಿಗೆಲ್ಲ ಅರವತ್ತೆರಡು. ಟೆಸ್ಟಿಂಗ್ ವಿಭಾಗದ ಅಕ್ಕ ಕುರ್ಚಿ ಎತ್ತಿಕೊಂಡು ಹತ್ತಿದರೂ ಅರವತ್ತೆರಡು.

ಮಧ್ಯಾಹ್ನ ಯಜಮಾನರೂ ಬಂದರು. ಬಾಗಿಲಲ್ಲಿ ಬೀರು ಸಾಗಿಸಿದ ಹಾಗೆ ಓರೆಯಾಗಿ ಒಳಗೆ ಬರುವ ಆಸಾಮಿ. ಹತ್ತಿದರು. ಅರವತ್ತೆರಡು.

“ನೋಡಿದ್ರಾ! ಒಂದು ತಿಂಗಳಿಂದ ರಾತ್ರಿ ಊಟ ಬಿಟ್ಟಿದ್ದೀನಿ!”

ಬೆಳಿಗ್ಗೆ ಇದೇ ಯಂತ್ರಕ್ಕೆ ದರಿದ್ರ ಅಂದದ್ದು ಅವರಿಗೆ ಮರೆತೇಹೋಗಿತ್ತು.

“ಹೌದು ಸಾರ್, ಕುತ್ತಿಗೆ ಕಾಣ್ತಿದೆ,” ಎಂದ ಕಡ್ಡಿ. ಅವನು ಸಂಬಳ ಪಡೆಯುತ್ತಿದ್ದದ್ದೇ ಇಂಥದ್ದಕ್ಕೆ. ಯಜಮಾನರು ಹೆಂಡತಿಗೆ ಫೋನ್ ಮಾಡುತ್ತಾ ಹೋದರು.

ಪಾಪಣ್ಣ ಕಣ್ಣು ಕೆಂಪಾಗುವವರೆಗೆ ಹುಡುಕಿ ರೋಗ ಹಿಡಿದ. “ಅಕ್ಕಾ, ಪ್ರೊಸೆಸರ್ ಅನ್ನೋದು ಸೋಮಾರಿ ಗುಮಾಸ್ತ. ತೂಕದ ಚೀಟಿ ಬರೋದು ಆಚೆ ಮೇಜಿಗೆ. ಇವನು ಒಂದ್ಸಲ ಎದ್ದುಹೋಗಿ ನೋಡಿ, ನಕಲು ಮಾಡಿ ತನ್ನ ಡ್ರಾಯರಲ್ಲಿ ಇಟ್ಕೋತಾನೆ. ಆ ಡ್ರಾಯರಿಗೇ ಕ್ಯಾಶ್ ಅನ್ನೋದು, ದುಡ್ಡಿನ ಕ್ಯಾಶ್ ಅಲ್ಲ. ಆಮೇಲೆ ಯಾರು ಕೇಳಿದ್ರೂ ಅದೇ ಹಳೇ ಚೀಟಿ.”

“ಆಫ್ ಮಾಡಿ ಆನ್ ಮಾಡಿದ್ರೆ?”

“ಡ್ರಾಯರ್ ಖಾಲಿ. ಮೊದಲನೇ ಸಲ ಎದ್ದುಹೋಗ್ಲೇಬೇಕು.”

“ಥೇಟ್ ನಮ್ಮನೆಯವರು. ಮದುವೆ ದಿನ ನಾನು ಹೇಳಿದ್ದನ್ನೇ ಇನ್ನೂ ಹಿಡ್ಕೊಂಡು ಕೂತಿದ್ದಾರೆ.”

ಚೀಟಿ ಬೀಳುವ ಮೇಜು ಯಾವುದೆಂದು ಗುಮಾಸ್ತನಿಗೆ ತೋರಿಸುವ ಸಾಲಿನಲ್ಲಿ, ಈ ಚೀಟಿ ಡ್ರಾಯರಿಗೆ ಹಾಕಬೇಡ ಎನ್ನುವ ಒಂದೇ ಪದವನ್ನು ಪಾಪಣ್ಣ ಸೇರಿಸಿದ. ಕಡ್ಡಿಗೆ ಕಡ್ಡಿಯ ತೂಕ, ಅಕ್ಕನಿಗೆ ಅಕ್ಕನ ತೂಕ. ಮನೆಗೆ ಫೋನ್ ಮಾಡಿದ. “ಪುಟ್ಟಿ, ನಾಳೆ ಬರ್ತೀನಿ.”

ಸಂಜೆ ಯಜಮಾನರು ಇಡೀ ಆಫೀಸನ್ನು ಕರೆತಂದರು. ತಮ್ಮ ಸಾಧನೆ ಎಲ್ಲರೂ ಕಣ್ಣಾರೆ ನೋಡಬೇಕಲ್ಲ. ಶೂ ಬಿಚ್ಚಿ, ಉಸಿರು ಒಳಗೆಳೆದುಕೊಂಡು ಹತ್ತಿದರು.

ತೊಂಬತ್ತೆಂಟು.

ಇಳಿದು ಮತ್ತೆ ಹತ್ತಿದರು, ಮತ್ತೆ ತೊಂಬತ್ತೆಂಟು.

“ಯಾರ್ರೀ ಇದಕ್ಕೆ ಕೈ ಹಾಕಿದ್ದು?”

“ಸಾರ್, ಸರಿಮಾಡಿದೀನಿ...”

“ಸರಿಮಾಡಿದ್ರಾ? ಮಧ್ಯಾಹ್ನ ಚಿನ್ನದ ಹಾಗಿತ್ತು! ಆಗ ಹೇಗಿತ್ತೋ ಹಾಗೆ ಮಾಡಿ. ಇಲ್ಲಾಂದ್ರೆ ನಾಳೆ ರಜೆ ಮರೆತುಬಿಡಿ.”

ಪಾಪಣ್ಣನ ಕಣ್ಣ ಮುಂದೆ ಈಜುಕೊಳದ ಆಚೆ ದಡ ಬಂತು. ಆಸ್ಪತ್ರೆ, ರೋಗಿಗಳ ಚಿಂತೆಯೆಲ್ಲ ಹಿಂದೆ ಸರಿಯಿತು. ಆ ಒಂದು ಪದ ಅಳಿಸಿದ. ಯಂತ್ರ ಆಫ್ ಮಾಡಿ ಆನ್ ಮಾಡಿದ. ಇನ್ನು ಕಡ್ಡಿ ಮೊದಲು ಹತ್ತಿಬಿಟ್ಟರೆ ಸಾಕು, ಡ್ರಾಯರಿಗೆ ಅರವತ್ತೆರಡು ಬೀಳುತ್ತದೆ, ಎಲ್ಲರೂ ಸುಖಿಗಳು. ಕಡ್ಡಿಗೆ ಕಣ್ಸನ್ನೆ ಮಾಡಿದ.

“ತಾಳಪ್ಪ, ಶೂ ಬಿಚ್ಬೇಡ್ವಾ?” ಎಂದು ಕಡ್ಡಿ ದಾರದ ಗಂಟಿನ ಜೊತೆ ಗುದ್ದಾಡತೊಡಗಿದ.

“ನೀನ್ಯಾಕಯ್ಯ ಅಡ್ಡ?” ಯಜಮಾನರು ಅವನನ್ನು ಪಕ್ಕಕ್ಕೆ ತಳ್ಳಿ ತಾವೇ ಹತ್ತಿದರು.

ಡ್ರಾಯರ್ ಖಾಲಿಯಿತ್ತು. ಸೋಮಾರಿ ಗುಮಾಸ್ತ ಎದ್ದುಹೋಗಿ ನೋಡಿಕೊಂಡು ಬಂದ. ತೊಂಬತ್ತೆಂಟು.

ಅಷ್ಟರಲ್ಲಿ ಶೂ ಬಿಚ್ಚಿದ ಕಡ್ಡಿ ಹತ್ತಿದ. ತೊಂಬತ್ತೆಂಟು. ಅಕ್ಕ ಹತ್ತಿದಳು. ತೊಂಬತ್ತೆಂಟು.

“ನೋಡಿ! ಕಡ್ಡಿಗೂ ತೊಂಬತ್ತೆಂಟಂತೆ!” ಯಜಮಾನರ ಮುಖಕ್ಕೆ ಕಳೆ ಮರಳಿತು. “ನನಗೆ ಆಗ್ಲೇ ಗೊತ್ತಿತ್ತು, ಯಂತ್ರನೇ ಪೂರ್ತಿ ಕೆಡಿಸಿಟ್ಟಿದ್ದೀರಿ. ನಾಳೆ ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಬಂದು ಇಲ್ಲೇ ಕೂತ್ಕೊಳ್ಳಿ.”

ಮರುದಿನ ಬೆಳಿಗ್ಗೆ ಮಗಳು ಈಜಿದಳು. ಆಚೆ ದಡದಲ್ಲಿ ಅಪ್ಪ ಇರಲಿಲ್ಲ.